ಸೀಗೆ ಹುಣ್ಣಿಮೆಯ ದಿನ ಗುಳುಮುಳುಕನ ಗೂಡು

ಹತ್ತಿಮತ್ತೂರಿನ ನಮ್ಮ ಹೊಲದ ಮೂಲೆಯಲ್ಲಿ ಒಂದು ಹೊಂಡ ಇದೆ. ಮೆಣಸಿನ ಗಿಡಕ್ಕೆ ನೀರಾಗಲಿ ಎಂದು ನನ್ನ ಗಂಡ ತೋಡಿಸಿದ್ದು. ಗಿಡಕ್ಕಿಂತ ಅದರ ಉಪಯೋಗ ನನಗೇ ಹೆಚ್ಚಾಯಿತು, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಸವಣೂರಿನಲ್ಲಿ ಮದುವೆ ಫೋಟೋ ತೆಗೆಯುವವರೊಬ್ಬರು ಹೊಸ ಕ್ಯಾಮೆರಾ ತಗೊಂಡಾಗ ಅವರ ಹಳೆಯದನ್ನು ನಾನು ಕೊಂಡೆ. ಜಂಪರ್ ಹೊಲಿದು ಗಳಿಸಿದ ದುಡ್ಡು, ಯಾರನ್ನೂ ಕೇಳುವ ಗರಜು ಬೀಳಲಿಲ್ಲ. ಅಂದಿನಿಂದ ಮುಂಜಾನೆಯಾದರೆ ಸಾಕು, ಕೊರಳಿಗೆ ಕ್ಯಾಮೆರಾ, ತಲೆಗೆ ಗಂಡನ ಟವೆಲ್ಲು, ಹೊಂಡದ ದಂಡೆಯಲ್ಲಿ ನಾನು. ಮಿಂಚುಳ್ಳಿ ಮೊದಲ ಸಲ ನನ್ನ ಕಣ್ಣೆದುರೇ ನೀರಿಗೆ ಬಿದ್ದು ಮೀನು ಕಚ್ಚಿಕೊಂಡು ಎದ್ದಾಗ ಕುಂತಲ್ಲೇ ಕುಣಿದಿದ್ದೆ. ಫೋಟೋದಲ್ಲಿ ಬರೀ ನೀರು ಬಂದಿತ್ತು, ಆ ಮಾತು ಬೇರೆ.

ಅತ್ತೆಗೆ ಇದನ್ನು ಕಂಡರೆ ಆಗದು. "ಮನಿ ಮಂದೀದು ಒಂದ್ ಫೋಟೋ ತಗಿಯಂಗಿಲ್ಲ, ಬೆಳ್ಳಕ್ಕಿ ಫೋಟೋ ತಗಿತಾಳ! ಬೆಳ್ಳಕ್ಕಿ ಏನ್ ನಿನ್ನ ತವರಮನಿಯಾವ್ರನ?" ಎಂದು ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದರು. ನನ್ನ ತವರು ತಡಸ. "ಹೌದ್ರಿ ಅತ್ತಿ, ತಡಸದಿಂದನ ಹಾರಿ ಬಂದಾವ್ರಿ" ಅನ್ನುತ್ತಿದ್ದೆ. ನಾನೂ ಬಿಡುವವಳಲ್ಲ.

ಆ ವರ್ಷ ಮಳೆ ಹಿಂದಾಗುವ ಹೊತ್ತಿಗೆ ಹೊಂಡದ ಜೊಂಡಿನ ನಡುವೆ ಗುಳುಮುಳುಕ ಗೂಡು ಕಟ್ಟಿತು. ಕಂದು ಬಣ್ಣದ, ಬಾಲವೇ ಇಲ್ಲವೇನೋ ಎನ್ನಿಸುವ ಗಿಡ್ಡ ನೀರುಹಕ್ಕಿ. ನೋಡನೋಡುತ್ತಲೇ ಗುಳುಂ ಎಂದು ಮುಳುಗಿ ಇನ್ನೆಲ್ಲೋ ತಲೆ ಎತ್ತುತ್ತದೆ. ಗೂಡು ಎಂದರೆ ನೀರಿನ ಮೇಲೆ ತೇಲುವ ಕೊಳೆತ ಕಳೆಯ ಗುಡ್ಡೆ, ಅಷ್ಟೇ. ಹಕ್ಕಿ ಗೂಡು ಬಿಟ್ಟು ಹೋಗುವಾಗ ಕೊಕ್ಕಿನಿಂದ ಕಳೆ ಎಳೆದೆಳೆದು ತತ್ತಿಗಳನ್ನು ಮುಚ್ಚುತ್ತದೆ, ತಿರುಗಿ ಬಂದು ಅದನ್ನೆಲ್ಲ ಸರಿಸಿ ಕೂರುತ್ತದೆ. ಅಬ್ಬಬ್ಬಾ, ಅದನ್ನು ಕಂಡ ದಿನ ನಾನು ಎಷ್ಟು ಗಡಿಬಿಡಿ ಮಾಡಿದೆನೆಂದರೆ ತೆಗೆದ ಫೋಟೋ ಎಲ್ಲ ಮಸುಕು! ತತ್ತಿ ಒಡೆದ ಮೇಲೆ ಮರಿಗಳು ತಾಯಿಯ ಬೆನ್ನೇರಿ ನೀರಲ್ಲಿ ತಿರುಗುತ್ತವಂತೆ. ಆ ಒಂದು ಫೋಟೋಕ್ಕಾಗಿ ನಾನು ಜೀವ ಹಿಡಿದು ಕಾಯುತ್ತಿದ್ದೆ. ರೊಟ್ಟಿ ಬಡಿಯುವಾಗಲೂ ಅದೇ ಧ್ಯಾನ.

ಅಷ್ಟರಲ್ಲಿ ಸೀಗೆ ಹುಣ್ಣಿಮೆ ಬಂತು. ಬೆಳೆ ಹೊತ್ತು ನಿಂತ ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಉಣಿಸುವ ಹಬ್ಬ. ಅಡುಗೆಯನ್ನೆಲ್ಲ ಹೊಲಕ್ಕೆ ಒಯ್ದು ಪೂಜೆ ಮಾಡಿ, ಹೋಳಿಗೆ, ಕಡುಬು, ರೊಟ್ಟಿ, ಪಲ್ಯ ಕಲಸಿದ ಚರಗವನ್ನು ಹೊಲದ ಸುತ್ತಲೂ ಚೆಲ್ಲಿದ ಮೇಲೆಯೇ ನಮ್ಮ ಊಟ. ಚರಗ ಚೆಲ್ಲುವವರು ಮುಂದೆ 'ಹುಲ್ಲುಲ್ಲಿಗೋ' ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುವವರು 'ಸಲಾಂಬ್ರಿಗೋ' ಎನ್ನಬೇಕು. ಬೇರೆ ಮನೆಗಳಲ್ಲಿ ಗಂಡಸರು ಕೂಗುತ್ತಾರೆ. ನಮ್ಮಲ್ಲಿ ಅತ್ತೆಯೇ. ಅವರು ಕೂಗಿದರೆ ಆಚೆ ಹೊಲದ ಎತ್ತುಗಳು ತಲೆ ಎತ್ತುತ್ತವೆ.

ಚಿಕ್ಕೇರೂರಿನಿಂದ ನಾದಿನಿ ಮಕ್ಕಳ ಸಮೇತ ಬಂದಿದ್ದಳು. ನಾವಿಬ್ಬರೂ ಬುಟ್ಟಿ ಇಳಿಸುತ್ತಿದ್ದರೆ, ಅತ್ತೆ ಹೊಂಡದ ದಂಡೆಯ ಬನ್ನಿಗಿಡದ ಕೆಳಗೆ ಪೂಜೆಗೆ ಜಾಗ ಹಸನು ಮಾಡುತ್ತಿದ್ದರು. ಕಸ ಕಂಡರೆ ಅವರ ಕೈ ಸುಮ್ಮನಿರದು. ದಂಡೆ ಗುಡಿಸಿದ್ದಾಯಿತು, ನೀರಲ್ಲಿದ್ದ ಕಸವೂ ಕಣ್ಣಿಗೆ ಬಿತ್ತು. ಕೊಕ್ಕೆಯ ಕೋಲು ಹಾಕಿ ಎಳೆದೇ ಬಿಟ್ಟರು. ಹಕ್ಕಿ ಆಗಲೇ ತತ್ತಿ ಮುಚ್ಚಿ ಮುಳುಗಿತ್ತು.

"ಅತ್ತೀ, ಬಿಡ್ರೀ! ಗೂಡ್ರೀ ಅದು, ಗೂಡು!" ನಾನು ಚೀರಿದ ರಭಸಕ್ಕೆ ಅವರ ಕೈಯ ಕೋಲೇ ಬಿದ್ದುಹೋಯಿತು. ಬಗ್ಗಿ ಕಳೆ ಸರಿಸಿದರು. ನಾಲ್ಕು ತತ್ತಿ, ಕೆಸರು ಬಣ್ಣದವು. ಅತ್ತೆ ಅಲ್ಲೇ ಕುಸಿದು ಕೂತರು.

"ಅಯ್ಯ, ನನ್ನ ಕೈ ಸೇದಿ ಹೋಗ್ಲಿ! ಬಸುರಿಗೆ ಬಯಕಿ ಉಣಸೂ ದಿನ ಬಾಣಂತಿ ಮನಿ ಕಿತ್ತೆನಲ್ಲವಾ!"

ಒಂದು ತತ್ತಿಯೂ ಒಡೆದಿರಲಿಲ್ಲ. ನನ್ನ ಗಂಡ ಧೋತರ ಮೇಲೆ ಕಟ್ಟಿ ನೀರಿಗಿಳಿದು, ಗುಡ್ಡೆಯನ್ನು ಮೆಲ್ಲಗೆ ತಳ್ಳಿಕೊಂಡು ಹೋಗಿ ಜೊಂಡಿಗೆ ಸಿಗಿಸಿ ಬಂದರು. ಹಕ್ಕಿ ಮಾತ್ರ ಆಚೆ ಮೂಲೆಯಲ್ಲಿ ತಲೆಯಷ್ಟನ್ನೇ ಎತ್ತಿ ನಮ್ಮನ್ನು ನೋಡುತ್ತಿತ್ತು, ಹತ್ತಿರ ಬರಲೊಲ್ಲದು.

"ಬರ್ತಾಳೇನವಾ ಆಕಿ?" ಅತ್ತೆ ನನ್ನನ್ನು ಕೇಳಿದರು. ಹಕ್ಕಿಯ ಬಗ್ಗೆ ಅವರು ನನ್ನನ್ನು ಕೇಳಿದ್ದು ಅದೇ ಮೊದಲು.

"ಗದ್ಲ ಇದ್ರ ಬರಂಗಿಲ್ರಿ. ತತ್ತಿ ತಣ್ಣಗಾದ್ರ ಮುಗೀತ್ರಿ ಕಥಿ" ಎಂದೆ. ಸಿಟ್ಟೂ ಇತ್ತು, ಅಳುವೂ ಬರುತ್ತಿತ್ತು.

ಪೂಜೆ ಪಿಸುಮಾತಿನಲ್ಲೇ ಮುಗಿಯಿತು. ಆದರೆ ಚರಗ? ಅದನ್ನು ಕೂಗದೆ ಚೆಲ್ಲಿದ್ದನ್ನು ಯಾರೂ ಕಂಡವರಿಲ್ಲ. "ಯವ್ವಾ, ಹೊತ್ತಾತು, ಹುಡುಗರು ಹಸದಾವು, ನಡೀಬೇ" ಎಂದು ನಾದಿನಿ ನೀರಿನ ಚೊಂಬು ಹಿಡಿದು ನಿಂತಳು. ಅತ್ತೆ ಬುಟ್ಟಿ ಬಗಲಿಗಿಟ್ಟುಕೊಂಡು ಮೊದಲ ಹಿಡಿ ಚೆಲ್ಲಿದರು. ತುಟಿಯಷ್ಟೇ ಅಲುಗಿತು: "ಹುಲ್ಲುಲ್ಲಿಗೋ."

ನಾದಿನಿಗೆ ನಗು ತಡೆಯಲಾಗಲಿಲ್ಲ. "ಗಂಟ್ಲ ಕಟ್ಟೇತೇನಬೇ? ಭೂಮ್ತಾಯಿಗೆ ಕೇಳಬೇಕಲ್ಲ!"

"ಆಕಿ ಕಾಲ ಕೆಳಗನ ಅದಾಳ, ಕೇಳ್ತೈತಿ. ಬಾಣಂತಿ ಬಾಜೂಕ ಒದರ್ತಾರೇನ? ನೀನೂ ಮೆಲ್ಲಕ ಅನ್ನ."

ಹಾಗೆ ನಮ್ಮ ಮೆರವಣಿಗೆ ಹೊರಟಿತು! ಮುಂದೆ ಅತ್ತೆ, ಹಿಂದೆ ನಾದಿನಿ, ಬಾಯಿ ಮೇಲೆ ಕೈಯಿಟ್ಟುಕೊಂಡ ಮಕ್ಕಳು, ಕಡೆಗೆ ನಾನು. ಸುತ್ತಲಿನ ಹೊಲಗಳಿಂದೆಲ್ಲ ಜೋರು ಕೂಗು ಕೇಳುತ್ತಿತ್ತು, ನಮ್ಮದು ಮಾತ್ರ ಕಳ್ಳರ ಹಬ್ಬ. ನನ್ನ ಕಣ್ಣೆಲ್ಲ ಹೊಂಡದ ಕಡೆಗೆ.

ಸುತ್ತು ಮುಗಿದು ದಂಡೆಗೆ ಬಂದೆವು. ಹಕ್ಕಿ ಗೂಡಿನ ಪಕ್ಕದಲ್ಲೇ ಇತ್ತು! ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಈಜಿ, ಟಣ್ಣನೆ ಗುಡ್ಡೆಯ ಮೇಲೆ ಹತ್ತಿತು. ನಾನು ಕ್ಯಾಮೆರಾ ಎತ್ತಿ ಒತ್ತಿದೆ. ಕಟಕಟಕಟ. ಹಕ್ಕಿ ಬೆಚ್ಚಿ ನಿಂತಿತು. ಅತ್ತೆಯ ಕೈ ಚರಗದ ಸಮೇತ ಬಂದು ಕ್ಯಾಮೆರಾದ ಮೇಲೆ ಬಿತ್ತು. "ಅದರ ಬಾಯಿ ಮುಚ್ಚವಾ!" ಗಾಜಿಗೆಲ್ಲ ಹೋಳಿಗೆ, ಪಲ್ಯ. ಬೇರೆ ದಿನವಾಗಿದ್ದರೆ ದೊಡ್ಡ ಜಗಳವೇ ಆಗುತ್ತಿತ್ತು.

ಯಾರೂ ಅಲುಗಾಡಲಿಲ್ಲ. ಹಕ್ಕಿ ಕಳೆಯ ಒಂದು ಎಳೆ ಎಳೆದು ಪಕ್ಕಕ್ಕೆ ಹಾಕಿತು. ಇನ್ನೊಂದು. ಮತ್ತೊಂದು. ಆಮೇಲೆ ಮೈ ಅಗಲ ಮಾಡಿ ತತ್ತಿಗಳ ಮೇಲೆ ಕೂತಿತು.

ಅತ್ತೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಕುಂತ್ಳ ನೋಡ, ಕುಂತ್ಳ" ಎಂದರು, ಕಣ್ಣಲ್ಲಿ ನೀರು. ಬುಟ್ಟಿಯ ತಳದಲ್ಲಿ ಉಳಿದಿದ್ದ ಹಿಡಿ ಚರಗವನ್ನು ಬಳಿದು, ಬಗ್ಗಿ, ನೀರಿನ ಅಂಚಿಗೆ ಸಪ್ಪಳಾಗದಂತೆ ಇಟ್ಟರು.

"ಉಣ್ಣ ನನ್ನವ್ವಾ. ತಪ್ಪಾತ ನಂದು."