ಜೋಗಿಗೌಡರಿಗೆ ಆಧಾರ ಬೇಕು

ಊಟಿಯ ಚೇರಿಂಗ್ ಕ್ರಾಸಿನ ಇಂಟರ್ನೆಟ್ ಸೆಂಟರಿಗೆ ಜೋಗಿಗೌಡರು ಮಫ್ಲರ್ ಸುತ್ತಿಕೊಂಡು ಬಂದರೆಂದರೆ, ಅವತ್ತು ದೇಶದ ಪ್ರವಾಸೋದ್ಯಮದ ಗ್ರಹಚಾರ ನೆಟ್ಟಗಿಲ್ಲ ಎಂದೇ ಅರ್ಥ. ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದ ಮೇಲೆ ಅವರು ಹಿಡಿದಿರುವ ಕೆಲಸ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶದಲ್ಲಿ ಭಾರತದ ಪ್ರವಾಸೋದ್ಯಮದ ಪುಟವನ್ನು ಕಾಯುವುದು. ‘ಭೂಲೋಕದ ಸ್ವರ್ಗ’ ಎಂದು ಕಂಡರೆ ಸಾಕು, ಇದು ಯಾವನೋ ಹೋಟೆಲಿನವನದೇ ಕೈವಾಡ ಎಂದು ಹುಬ್ಬು ಗಂಟಿಕ್ಕುತ್ತಾರೆ. ‘ಮನಮೋಹಕ’ವನ್ನು ಟೀಪುಡಿಯೊಳಗಿನ ಕಡ್ಡಿಯಂತೆ ಆರಿಸಿ ಎಸೆಯುತ್ತಾರೆ. “ಯಾರು ಹೇಳಿದ್ದು? ಎಲ್ಲಿ ಅಚ್ಚಾಗಿದೆ?” ಈ ಎರಡು ಪ್ರಶ್ನೆ ದಾಟದೆ ತಾಜ್‌ಮಹಲಿಗೂ ಅಲ್ಲಿ ಜಾಗವಿಲ್ಲ. ಮನೆಯಲ್ಲೂ ಅದೇ ಪಾಡು: ಹೆಂಡತಿ ಮಾದಿ “ಅವರೆಕಾಳು ಸಾರು ಚೆನ್ನಾಗಾಗಿದೆ” ಎಂದರೆ, ಮಾಡಿದವಳ ಮಾತು ಆಧಾರವಾಗದು ಎಂದು ಪಕ್ಕದ ಮನೆಗೊಂದು ಬಟ್ಟಲು ಕಳಿಸುತ್ತಾರೆ. ಇಂಥವರು ಪ್ರತಿ ಸಲ ಸೆಂಟರಿನ ಕಂಪ್ಯೂಟರ್ ಮುಂದಿನಿಂದ ಏಳುವ ಮುನ್ನ ಆ ಪುಟದ ಊಟಿಯ ಭಾಗಕ್ಕೆ ಹೋಗಿ, ಪ್ರವಾಸಿಗರು ‘ಸನ್‌ಸೆಟ್ ಪಾಯಿಂಟ್’ ಎನ್ನುವ ಗುಡ್ಡಕ್ಕೆ ಅದರ ಕೆಳಗಿನ ಹಟ್ಟಿಯವರು ‘ಕರುಮಂದೆ’ ಎನ್ನುತ್ತಾರೆ, ಎಂದು ಒಂದು ಸಾಲು ಬರೆಯುತ್ತಾರೆ. ಯಾವ ಪುಸ್ತಕದಲ್ಲೂ ಇಲ್ಲದ ಆ ಸಾಲನ್ನು ಕಳ್ಳನನ್ನು ನೋಡುವಂತೆ ದಿಟ್ಟಿಸಿ, ತಾವೇ ಅಳಿಸಿಬಿಡುತ್ತಾರೆ. “ಇರ್ಲಿ ಬಿಡಿ ಮಾಮಾ, ಅದು ನಿಜ ತಾನೇ?” ಎಂದಳು ಒಮ್ಮೆ ಸೆಂಟರ್ ನೋಡಿಕೊಳ್ಳುವ ಸಿಂಧುಜಾ. “ಯಾರು ಹೇಳಿದ್ದು?” “ನೀವೇ. ಅಲ್ಲೇ ಅಲ್ವಾ ನೀವು ಎಮ್ಮೆ ಮೇಯಿಸಿದ್ದು?” ಗೌಡರು ಸಾಲನ್ನು ಅಳಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. “ನಾನೆಲ್ಲಿ ಅಚ್ಚಾಗಿದ್ದೀನಮ್ಮಾ?”