ಎಲ್ಲಿ ತೊಳೀಬೇಕು ಹೇಳ್ರಿ

ಪಕ್ಕದ ಮನೆಯ ಕಾಕುವಿನ ಎಡಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ನಮ್ಮೂರು ಸತ್ತಿಯ ಹೊಳೆಯಲ್ಲಿ ಕೌದಿ ತೊಳೆಯುವಾಗ ಮೊಸಳೆ ಕಚ್ಚಿಕೊಂಡು ಹೋಗಿತ್ತು. ಅದೇ ಕೈಯಲ್ಲಿ ಆಕೆ ಕೌದಿ ಹಿಂಡಿದರೆ ಆಮೇಲೆ ಯಾರು ಹಿಂಡಿದರೂ ಒಂದು ಹನಿ ಬೀಳುತ್ತಿರಲಿಲ್ಲ. ಬಾಯಿಯೂ ಹಾಗೇ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಆದರೆ ಮೊಸಳೆಯ ಮೇಲೆ ಆಕೆ ಸಿಟ್ಟಾಗಿದ್ದನ್ನು ನಾನು ಕಾಣಲಿಲ್ಲ. “ಅದಕ್ಕ ಹಸಿವಾಗಿತ್ತು, ಹಿಡೀತು. ಇವರಿಗೇನಾಗಿತ್ತ?” ಎನ್ನುತ್ತಿದ್ದಳು. ಇವರು ಅಂದರೆ ಮೊಸಳೆಗಳನ್ನು ಉಳಿಸಲು ಬರುತ್ತಿದ್ದ ವನ್ಯಜೀವಿ ಸಂಸ್ಥೆಯವರು. ಆಕೆಯ ಬೆರಳು ಹೋದ ಮೇಲೆ ಅವರು ದಂಡೆಯಲ್ಲಿ ‘ನೀರಿಗೆ ಇಳಿಯಬೇಡಿ’ ಎಂದು ಬೋರ್ಡು ನೆಟ್ಟು ಹೋಗಿದ್ದರು. ನಳಕ್ಕೆ ವಾರಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ!

ಆ ವರ್ಷ ದಸರೆಯ ಮುಂಚೆ, ಮನೆಮನೆಯ ಹಾಸಿಗೆ ಹೊದಿಕೆಯೆಲ್ಲ ಹೊಳೆಗೆ ಹೊರಡುವ ದಿನಗಳಲ್ಲಿ, ಅವರು ಶಾಲೆಯಲ್ಲಿ ಸಭೆ ಇಟ್ಟರು. ಮುಖ್ಯಸ್ಥರ ಭಾಷಣ ನಡೆದಿತ್ತು. ಅಷ್ಟರಲ್ಲಿ ಕಾಕು ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಎಲ್ಲರ ತಲೆಯ ಮೇಲೂ ಮೈಲಿಗೆ ಅರಿವೆಯ ಗಂಟು. ಅಷ್ಟನ್ನೂ ವೇದಿಕೆಯ ಮೇಲೆ, ಹಾರ ತುರಾಯಿಗಳ ಪಕ್ಕದಲ್ಲೇ ಸುರಿದರು. ಕೂಸಿನ ಉಚ್ಚೆಯ ದುಪ್ಪಟಿ ಗಬ್ಬೆಂದು ನಾರಿತು.

“ಸಾಹೇಬ್ರ, ಮೊಸಳಿ ಇರ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಇವನ್ನೆಲ್ಲ ಎಲ್ಲಿ ತೊಳೀಬೇಕು ಹೇಳ್ರಿ?”

ಮುಖ್ಯಸ್ಥರು ಭಾಷಣ ಬಿಟ್ಟು ನಮ್ಮ ಜೊತೆ ಹೊಳೆಯ ದಂಡೆಗೆ ಬಂದರು. ಬೇಸಿಗೆಯೊಳಗೆ ಒಗೆಯುವ ಜಾಗದ ಸುತ್ತ ನೀರಿನಲ್ಲಿ ಕಬ್ಬಿಣದ ಜಾಳಿ ನಿಂತಿತು. ಮೊಸಳೆ ಆಚೆ, ನಾವು ಈಚೆ. ಅದು ಮೊಟ್ಟೆ ಇಡುವ ಮರಳುದಿಬ್ಬ ಕಾಯಲು ನಮ್ಮೂರಿನವರಿಗೇ ಕೆಲಸವೂ ಸಿಕ್ಕಿತು. ಸುಳ್ಳು ಯಾಕೆ ಹೇಳಲಿ, ಆಗ ಚೆನ್ನಾಗಿಯೇ ಮಾಡಿದ್ದರು.

ಆದರೂ ಒಂದು ದಿನ ಊರಿನ ಕೆಲವರು ಸಲಿಕೆ ಹಿಡಿದು ಮೊಟ್ಟೆ ಒಡೆಯಲು ಹೊರಟರು. ಕಾಕು ಒದ್ದೆ ಸೀರೆಯಲ್ಲೇ ಓಡಿದಳು. “ನನ್ನ ಬೆರಳ ತಿಂದೈತಿ, ನಾ ಸುಮ್ನದೀನಿ. ನಿಂದೇನ್ ತಿಂದೈತ್ಲೇ ಭಾಡ್ಯಾ? ಜಾಳಿ ಬೇಡಿದ್ದ ಎದಕ್ಕ? ಅದೂ ಬದುಕ್ಲಿ, ನಾವೂ ಬದುಕೂಣು ಅಂತ!” ಸಲಿಕೆಗಳು ಮನೆಗೆ ಮರಳಿದವು.

ಹೋದ ವರ್ಷದ ಮಹಾಪೂರ ಜಾಳಿಯ ಒಂದು ಬದಿಯನ್ನು ಕಿತ್ತೊಯ್ದಿತು. ಕಾಕು ನನ್ನಿಂದ ಸಂಸ್ಥೆಗೆ ಮೇಲಿಂದ ಮೇಲೆ ಫೋನು ಮಾಡಿಸಿದಳು. “ನೋಡೋಣ್ರಿ” ಎಂದರು. ಕೊನೆಗೆ ಬಂದದ್ದು ಕ್ಯಾಲೆಂಡರು. ಅದರಲ್ಲಿ ಮೊಸಳೆಮರಿಯ ಪಕ್ಕ ಕಾಕುವಿನ ಫೋಟೋ, ಕೆಳಗೆ ‘ಸಹಬಾಳ್ವೆ’ ಎಂಬ ದಪ್ಪ ಅಕ್ಷರ. ಎಡಗೈಯನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಸಿದ್ದರು. ಕಾಕು ಅದನ್ನು ಹರಿದು ಒಲೆಗೆ ಹಾಕಿ ಚಹಾ ಕಾಸಿದಳು.

ಈ ಸಲದ ದಸರೆ ಆಕೆಗೆ ಸಿಗಲಿಲ್ಲ. ಜ್ವರ ನೆಪವಾಯಿತು. ಸೂತಕ ಕಳೆಯಲು ಹಾಸಿಗೆಯೆಲ್ಲ ತೊಳೆಯಬೇಕಲ್ಲ, ಆಕೆ ಕೊನೆಗೆ ಮಲಗಿದ್ದ ಕೌದಿ ಹೊತ್ತು ಸೊಸೆ ಹೊಳೆಗೆ ಬಂದಳು, ಜೊತೆಗೆ ನಾನು. ಮುರಿದ ಜಾಳಿಯ ಮುಂದೆ ಆ ಹುಡುಗಿ ನಿಂತುಬಿಟ್ಟಳು. ನೀರಿಗೆ ಇಳಿಯಲು ಭಯ, ತೊಳೆಯದೆ ಮನೆಗೆ ಒಯ್ಯುವಂತಿಲ್ಲ. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಕೌದಿಯನ್ನು ಕಸಿದುಕೊಂಡು ಅಥಣಿಯ ಬಸ್ಸು ಹತ್ತಿದೆ.

ಸಂಸ್ಥೆಯ ಕಚೇರಿಯಲ್ಲಿ ಮುಖ್ಯಸ್ಥರು ಕೂತಿದ್ದರು. ಹಿಂದಿನ ಗೋಡೆಯ ಮೇಲೆ ಅದೇ ಕ್ಯಾಲೆಂಡರು. ಅವರ ಮೇಜಿನ ತುಂಬ ಕೌದಿ ಬಿಚ್ಚಿ ಹಾಸಿದೆ. ಜನ್ಮದಲ್ಲಿ ಯಾರಿಗೂ ಎದುರು ಮಾತಾಡದ ನನ್ನ ಬಾಯಿಗೆ ಕಾಕುವಿನ ಮಾತೇ ಬಂತು.

“ಎಲ್ಲಿ ತೊಳೀಬೇಕು ಹೇಳ್ರಿ?”