ನಾನು ಸೇರಿಸಿದ ಹಕಾರ

ಮೊನ್ನೆ ತುಕ್ಕು ಹಿಡಿದ ಗೇಟಿನ ಚಿಲಕ ಬಿಡಿಸಲೆಂದು ಮೂಲೆಯಲ್ಲಿದ್ದ ಹಳೆಯ ಸೀಮೆಎಣ್ಣೆ ಬಾಟಲಿಯ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂಗಾರಪೇಟೆಯ ಪ್ರೆಸ್ಸು ಕಣ್ಣ ಮುಂದೆ ಬಂತು. ಅಲ್ಲಿ ನಾನು ಕಂಪೋಸ್ ಮಾಡುತ್ತಿದ್ದೆ. ಸಂಜೆ ಮಸಿ ಮೆತ್ತಿದ ಅಚ್ಚುಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟು ಮನೆಗೆ ಹೊರಡುತ್ತಿದ್ದೆ. ಪ್ರೆಸ್ಸಿನ ಹಿಂದೆಯೇ ಟೀಚರಮ್ಮ ನೆನಪಾದರು...

ನಮ್ಮ ಕಡೆಯ ಚಿನ್ನದ ಗಣಿ ಊರಿನ ಮಕ್ಕಳಿಗೆಂದು ಕನ್ನಡದಲ್ಲಿ ಕಥೆಪುಸ್ತಕ ಬರೆದವರಲ್ಲಿ ಅವರೇ ಮೊದಲಿಗರು. ಅದಕ್ಕೆ ಮುಂಚೆ ಮಕ್ಕಳು ಓದುತ್ತಿದ್ದ ಕಥೆಗಳಲ್ಲಿ ರಾಜಕುಮಾರಿಯರಿದ್ದರು, ಚಿನ್ನ ತೆಗೆದುಳಿದ ಮಣ್ಣು ಸುರಿದ ನಮ್ಮ ಸೈನೈಡ್ ಗುಡ್ಡ ಇರಲಿಲ್ಲ. ಉರಿಗಾಂನಲ್ಲಿ ಪಾಠ ಹೇಳುತ್ತಿದ್ದ ಅವರು ಯಾವುದೋ ವಸ್ತು ತೋರಿಸಿ, “ಇದಕ್ಕೆ ನಿಮ್ಮನೇಲಿ ಏನಂತಾರೆ?” ಎಂದು ಒಂದೊಂದು ಮಗುವನ್ನೂ ಕೇಳುತ್ತಿದ್ದರಂತೆ. ಅವರ ಕಥೆಯಲ್ಲಿ ಕಾಗೆ ತಮಿಳಿನಲ್ಲಿ ಬೈದರೆ ಮೇಕೆ ತೆಲುಗಿನಲ್ಲಿ ತಿರುಗಿಸಿ ಕೊಡುತ್ತಿತ್ತು, ಕೋಳಿ ಕನ್ನಡದಲ್ಲಿ ಪಂಚಾಯಿತಿ ಮಾಡುತ್ತಿತ್ತು. ಮೊಳೆ ಜೋಡಿಸುತ್ತಾ ಎಷ್ಟೋ ಸಲ ಒಬ್ಬನೇ ನಕ್ಕಿದ್ದೇನೆ. ಇಂಥವರ ಕೈಬರಹ ನನ್ನ ಕೈಗೆ ಬರುತ್ತದಲ್ಲ ಎಂದು ಹೆಮ್ಮೆ, ಜೊತೆಗೆ ಭಯ.

ನಿವೃತ್ತರಾದ ಮೇಲೆ ಅವರು ತಮ್ಮ ಬಾಳಿನ ಕಥೆ ಬರೆದರು. ಅದು ಅಚ್ಚಿಗೆ ಬಂದ ಹೊತ್ತಿಗೆ ಅವರಿಗೆ ಕಣ್ಣಿನ ಆಪರೇಷನ್. ಪ್ರೂಫ್ ನೋಡುವ ಕೆಲಸವನ್ನೂ ಮಾಲೀಕರು ನನಗೇ ವಹಿಸಿದರು. ನನ್ನ ಹುಚ್ಚು ಗೊತ್ತಿದ್ದರೆ ವಹಿಸುತ್ತಿರಲಿಲ್ಲ. ನಾನು ಕ್ಯಾಸಂಬಳ್ಳಿಯವನು. ಹೈಸ್ಕೂಲಿನಲ್ಲಿ ಹಾಲನ್ನು ‘ಆಲು’ ಎಂದದ್ದಕ್ಕೆ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಅಂದಿನಿಂದ ಎಲ್ಲಿ ಹಕಾರ ಬಿದ್ದುಹೋಗಿದ್ದರೂ ಎತ್ತಿ ಕೂರಿಸುವುದು ನನಗೆ ವ್ರತವೇ ಆಗಿತ್ತು.

ಅವರ ಬರಹದಲ್ಲಿ ಅಪ್ಪ ತೀರಿಕೊಂಡ ದಿನದ ಪುಟವೊಂದಿತ್ತು. ಗಣಿ ಕೆಲಸದ ಅಪ್ಪ ಕೆಮ್ಮಿ ಕೆಮ್ಮಿ ಆಸ್ಪತ್ರೆ ಸೇರಿದ್ದರು. ಸುದ್ದಿ ಬಂದಾಗ ಅವ್ವ ಗೋಡೆಗೆ ಒರಗಿ, “ಅಕ್ಕಿ ಆರೋಯ್ತು ಕಣವ್ವಾ” ಎಂದಳು ಅಂತ ಬರೆದಿದ್ದರು. ನಾನು ಹಿಂದೆ ಮುಂದೆ ನೋಡದೆ “ಹಕ್ಕಿ ಹಾರಿಹೋಯಿತು ಕಣವ್ವಾ” ಎಂದು ಜೋಡಿಸಿದೆ. ಮುಂದಿನ ಸಾಲಿನಲ್ಲೇ ಮಗು ಮೊರ ಹಿಡಿದು ಅಂಗಳಕ್ಕೆ ಓಡುತ್ತದೆ. ಯಾಕೆ ಎಂದು ನಾನು ಯೋಚಿಸಲೇ ಇಲ್ಲ.

ಹಾಳೆಗಳೆಲ್ಲ ಅಚ್ಚಾಗಿ, ಇನ್ನೇನು ಬೈಂಡಿಂಗ್‌ಗೆ ಹೋಗಬೇಕು, ಟೀಚರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ರೈಲಿಳಿದು ಬಂದರು. ಬೇರೆಲ್ಲ ಬಿಟ್ಟು ಅದೇ ಪುಟ ಹುಡುಕಿ ನಿಂತಲ್ಲೇ ಓದಿದರು.

“ಈ ‘ಹ’ ಯಾರು ಆಕಿದ್ದಪ್ಪ?”

“ನಾನೇ ಟೀಚರಮ್ಮ. ತಪ್ಪಿತ್ತು, ಸರಿ ಮಾಡ್ದೆ,” ಎಂದೆ, ಶಹಭಾಸ್ ಸಿಗುತ್ತದೆಂದು ಕಾಯುತ್ತಾ.

“ನಮ್ಮವ್ವ ಇಷ್ಟು ನೆಟ್ಟಗೆ ಮಾತಾಡಿದ್ರೆ ನಾನ್ಯಾಕಪ್ಪ ಅಕ್ಕಿ ಎತ್ತಕ್ಕೆ ಓಗ್ತಿದ್ದೆ?”

ಅಂದು ಕಜ್ಜಾಯಕ್ಕೆಂದು ಅಕ್ಕಿ ತೊಳೆದು ಬಟ್ಟೆಯ ಮೇಲೆ ಆರಹಾಕಿದ್ದರಂತೆ. ಅವ್ವ ಹೇಳಿದ್ದು ಗಂಡನ ಪ್ರಾಣದ ಹಕ್ಕಿಯ ಮಾತು. ಆರು ವರ್ಷದ ಮಗುವಿಗೆ ಕೇಳಿಸಿದ್ದು, ಅಕ್ಕಿ ಆರಿದೆ, ಎತ್ತಿಡು ಎಂದು. ಮೊರದ ತುಂಬ ಬಾಚಿ ತಂದು, ಅಳುವ ಹೆಂಗಸರ ನಡುವೆ ಅವ್ವನ ಮುಂದೆ ಇಟ್ಟಿತ್ತು. “ಅವ್ವ ಬೈಲಿಲ್ಲ. ತಬ್ಕೊಂಡ್ಳು. ಒಂದು ಮಾತು ಎರಡಾಗ್ತದೆ ಅಂತ ಅವತ್ತು ಗೊತ್ತಾಯ್ತು. ನಾನು ಬರೆದಿದ್ದೆಲ್ಲ ಅಲ್ಲಿಂದ್ಲೇ ಬಂದಿದ್ದು,” ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅವ್ವನಿಂದ ಅವರಿಗೆ ಉಳಿದಿದ್ದ ಒಂದು ಮಾತನ್ನು ನಾನು ತಿದ್ದಿ ಅಳಿಸಿದ್ದೆ.

ಅವರೂ ನನ್ನನ್ನು ಬೈಯಲಿಲ್ಲ. “ನಿಂದ್ಯಾವೂರು?” ಎಂದರು. ಕ್ಯಾಸಂಬಳ್ಳಿ ಎಂದೆ.

“ಅಂಗಾದ್ರೆ ನಮ್ಮವ್ವನ ಮಾತ್ನ ನಿಮ್ಮೂರಂಗೆ ಒಂದ್ಸಲ ಅನ್ನು, ಕೇಳಾನ.”

ವರ್ಷಗಳಿಂದ ಬಾಯಿಗೆ ಬಾರದಂತೆ ತಡೆದಿಟ್ಟಿದ್ದ ಮಾತು... ನಾಚಿಕೊಂಡೇ ಅಂದೆ. ಅವರು ಕಣ್ಣು ಮುಚ್ಚಿ ಕೇಳಿದರು. “ಇನ್ನೊಂದ್ಸಲ,” ಎಂದರು. ಅಂಥ ದೊಡ್ಡ ಜೀವ ನನ್ನ ಹಳ್ಳಿಬಾಯಿಗೆ ಕಿವಿಗೊಟ್ಟು ನಿಂತದ್ದು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಭಾನುವಾರ ಪ್ರೆಸ್ಸು ತೆರೆಸಿ ಆ ಹಾಳೆಯನ್ನು ಮತ್ತೆ ಜೋಡಿಸಿ, ಮತ್ತೆ ಅಚ್ಚು ಹಾಕಿದೆ. ಅವರು ಸಂಜೆಯವರೆಗೂ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು.

ಪ್ರೆಸ್ಸು ಮುಚ್ಚಿ ಎಷ್ಟೋ ಕಾಲವಾಯಿತು. ಟೀಚರಮ್ಮ ಮಾತ್ರ ತೊಂಬತ್ತು ದಾಟಿದರೂ ಪುಸ್ತಕ ಕೆಳಗಿಡಲಿಲ್ಲ. ಆಗಾಗ ಫೋನ್ ಮಾಡಿ, ಈ ವಾರ ಏನು ಓದಿದಿರಿ ಎಂದು ಕೇಳುತ್ತಿದ್ದೆ. ಹೋದ ವರ್ಷ ಒಂದು ಬೆಳಿಗ್ಗೆ ಅವರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಪಕ್ಕದ ಮನೆಯ ಹೆಂಗಸು.

“ಅಣ್ಣಾ, ಟೀಚರಮ್ಮ ಓದ್ರು.”

“ಏನು ಓದಿದ್ರಮ್ಮ?” ಎಂದು ನಗುತ್ತಲೇ ಕೇಳಿದೆ.

ಆ ಕಡೆ ಆಕೆ ಬಿಕ್ಕಿದಾಗಲೇ ಬಿದ್ದುಹೋಗಿದ್ದ ಹಕಾರ ನನಗೆ ತಿಳಿದದ್ದು. ಈಗ ಯಾರಾದರೂ ಅವರ ವಿಷಯ ಕೇಳಿದರೆ ಹೋದರು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಓದ್ರು ಅಂತಲೇ ಹೇಳುತ್ತೇನೆ.